ಶ್ರೀ ನಿಜಗುಣ ಶಿವಯೋಗಿಗಳ ಚರಿತ್ರೆ

ಕೊಳ್ಳೇಗಾಲದ ಸೀಮೆಯಲ್ಲಿ ಚಿಲಕವಾಡಿ ಎಂಬ ಗ್ರಾಮದ ಸಮೀಪದಲ್ಲಿ ಒಂದು ಬೆಟ್ಟವಿರುವುದು. ಎತ್ತರದಲ್ಲಿಯಾಗಲಿ ವಿಸ್ತಾರದಲ್ಲಿಯಾಗಲಿ ಅದು ಆ ಪ್ರಾಂತದ ಬಿಳಿಗಿರಿರಂಗನ ಬೆಟ್ಟಕ್ಕೂ ಮಲೆಯ ಮಾದೇಶ್ವರನ ಬೆಟ್ಟಕ್ಕೂ ಸರಿದೂಗತಕ್ಕದ್ದಲ್ಲ. ಆದರೂ ಅದರ ಹೆಸರು ಕಿವಿಗೆ ಬಿದ್ದಮಾತ್ರಕ್ಕೆ ಕನ್ನಡನಾಡಿನ ಶಿವಭಕ್ತರ ಕೈಗಳು ತಾವಾಗಿ ಮುಗಿಯುವುವು. ಶಂಭುಲಿಂಗನ ಬೆಟ್ಟವೆಂಬುದೇ ಆ ಹೆಸರು. ಶ್ರೀ ನಿಜಗುಣ ಶಿವಯೋಗಿಗಳು ತಪಸ್ಸನ್ನಾಚರಿಸಿದ ಪುಣ್ಯಸ್ಥಳವದು. ಬೆಟ್ಟದ ಒಡೆಯನಾದ ಶಂಭುಲಿಂಗನ ನಾಮವೇ ಅವರ ಹಾಡುಗಳಿಗೆ ಅಂಕಿತವಾಗಿ ನಿಂತಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಸೀಮೆಯು ಮದ್ರಾಸು ಪ್ರಾಂತದ ಕೊಯಿಮುತ್ತೂರು ಜಿಲ್ಲೆಗೆ ಸೇರಿದ್ದಿತು. ಆಡಳಿತವು ಯಾವ ಪ್ರಾಂತದ್ದಾದರೇನು? ಧಾರವಾಡ ಬಿಜಾಪುರಗಳ ಹಳ್ಳಿಗಳಲ್ಲಿ ಏಕತಾರಿಯನ್ನು ಹಿಡಿದು ಕೂತ ಭಜನೆಯವರಿಗೆ ಶಂಭುಲಿಂಗನು ಎಂದೂ ದೂರದವನಾಗಿರಲಿಲ್ಲ.

ಶಿವಯೋಗಿಗಳು ಕ್ರಿಸ್ತಶಕ 1500ರ ಆಸುಪಾಸಿನಲ್ಲಿದ್ದರೆಂದು ಸಾಹಿತ್ಯಚರಿತ್ರಕಾರರ ಅಭಿಪ್ರಾಯವು. ಆ ಕಾಲದ ಸ್ಥಿತಿಯನ್ನು ಕಿಂಚಿತ್ತಾದರೂ ತಿಳಿಯದೆ ಅವರ ಕಾರ್ಯದ ಮಹತ್ತ್ವವು ಗೋಚರವಾಗದು. ಕಲ್ಯಾಣದ ಶರಣರ ಕಾಲವು ಕಳೆದು ಮುನ್ನೂರು ವರ್ಷಗಳಿಗೂ ಮಿಕ್ಕಿ ಆಗಿದ್ದಿತು. ವಿಜಯನಗರದ ಪ್ರೌಢದೇವರಾಯನ (1424–1446) ಕಾಲದಲ್ಲಿ ವಿರಕ್ತರೂ ಪಂಡಿತರೂ ಕೂಡಿಕೊಂಡು ಚದರಿಹೋಗಿದ್ದ ವಚನರಾಶಿಯನ್ನು ಒಟ್ಟುಗೂಡಿಸತೊಡಗಿದ್ದರು. ಲಕ್ಕಣ್ಣ ದಂಡೇಶನು ರಾಜಕಾರ್ಯದ ಭಾರವನ್ನು ಹೊತ್ತುಕೊಂಡೇ ಶಿವತತ್ತ್ವಚಿಂತಾಮಣಿಯನ್ನು ರಚಿಸಿದನು. ಅನಂತರ ಎಡೆಯೂರಿನ ತೋಂಟದ ಸಿದ್ಧಲಿಂಗೇಶ್ವರರು ತಮ್ಮ ಶಿಷ್ಯಸಮೂಹದೊಡನೆ ಸಂಚರಿಸಿ ಷಟ್‍ಸ್ಥಲಮಾರ್ಗವನ್ನು ಬಲಪಡಿಸಿದರು. ಹೀಗೆ ಶಾಸ್ತ್ರಸಂಗ್ರಹವೂ ಬೋಧೆಯೂ ಬೆಳೆಯುತ್ತಿದ್ದ ಕಾಲವದು. ಆದರೆ ತೆಂಕಣ ಸೀಮೆಯಲ್ಲಿ ರಾಜಕೀಯ ಶಾಂತಿಯಿರಲಿಲ್ಲ. ಉಮ್ಮತ್ತೂರಿನ ಪಾಳೆಯಗಾರರು ಪ್ರಬಲರಾಗಿ, ವಿಜಯನಗರದ ಅರಸರಿಗೆ ಮಣಿಯದೆ, ಕಾವೇರಿಯ ನಡುವಣ ಶಿವನಸಮುದ್ರವನ್ನು ತಮ್ಮ ಬಲವಾದ ಠಾಣೆಯಾಗಿ ಮಾಡಿಕೊಂಡಿದ್ದರು. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ಸ್ವಲ್ಪ ಕಾಲದಲ್ಲಿಯೇ ದಂಡೆತ್ತಿ ಬಂದು ಅವರನ್ನು ಅಡಗಿಸಬೇಕಾಯಿತು. ಇಂತಹ ಸೀಮೆಯಲ್ಲಿ ಚಿಕ್ಕ ಸಂಸ್ಥಾನವೊಂದರ ಒಡೆಯನಾಗಿರುವುದೆಂದರೆ ಹಗಲು ಕತ್ತಿಯ ಚಿಂತೆ, ಇರುಳು ಕಪ್ಪಕಾಣಿಕೆಯ ಚಿಂತೆ.

ನಿಜಗುಣರು ಪೂರ್ವಾಶ್ರಮದಲ್ಲಿ ಕೊಳ್ಳೇಗಾಲದ ಕಡೆಯ ಇಂತಹುದೊಂದು ಸೀಮೆಯನ್ನು ಆಳಿದ ಪ್ರಭುಗಳಾಗಿದ್ದರೆಂದು ಪರಂಪರೆಯಿಂದ ಹೇಳಿಕೊಂಡು ಬಂದಿದೆ. ಭೋಗಭಾಗ್ಯಗಳು ಕೈಸೇರಿರುವಾಗಲೇ ಅವುಗಳ ಅಸ್ಥಿರತ್ವವು ಅವರ ಮನಸ್ಸಿಗೆ ನಾಟಿ, ಸಿಂಹಾಸನವನ್ನು ಬಿಟ್ಟು, ಶಂಭುಲಿಂಗನ ಬೆಟ್ಟವನ್ನೇರಿ, ಅಲ್ಲಿಯ ಗುಹೆಯಲ್ಲಿ ಯೋಗಾಭ್ಯಾಸನಿರತರಾದರೆಂದು ಭಕ್ತರು ನಂಬುವರು. ಪುರಾಣಶ್ರವಣದ ಕಾಲದಲ್ಲಿ ಈ ರಾಜ್ಯತ್ಯಾಗದ ಪ್ರಸಂಗವನ್ನು ಬಹಳ ವಿಸ್ತಾರವಾಗಿ ಬಣ್ಣಿಸುವುದುಂಟು. ಕೇಳುವವರ ಕಣ್ಣಲ್ಲಿ ನೀರು ಬರುವುದೂ ಉಂಟು. ಆದರೆ ಅರಸೊತ್ತಿಗೆಯನ್ನು ಬಿಟ್ಟವರು ನಮ್ಮ ದೇಶದಲ್ಲಿ ಹಲವರಿದ್ದಾರೆ. ಬಿಟ್ಟ ತರುವಾಯ ಏನು ಮಾಡಿದರೆಂಬುದನ್ನೇ ಮುಖ್ಯವಾಗಿ ವಿಚಾರಿಸತಕ್ಕದ್ದು. ರಾಜ್ಯವನ್ನು ಬಿಟ್ಟ ನಿಜಗುಣರು ವಿದ್ಯೆಯನ್ನು ಬಿಡಲಿಲ್ಲ. ಇನ್ನೂ ಹೆಚ್ಚಿನದೇನೆಂದರೆ, ಆ ವಿದ್ಯೆಯಿಂದಲೇ ತೃಪ್ತರಾಗಿ ಕುಳಿತುಬಿಡಲೂ ಇಲ್ಲ. ಇವೆರಡರ ನಡುವಿನ ಇಕ್ಕಟ್ಟಾದ ದಾರಿಯೇ ಅವರ ಜೀವನದ ದಾರಿಯಾಗಿದ್ದಿತು.

ಅವರ ಪಾಂಡಿತ್ಯವು ಎಷ್ಟಿತ್ತೆಂಬುದಕ್ಕೆ ವಿವೇಕಚಿಂತಾಮಣಿ ಎಂಬ ಮಹಾಗ್ರಂಥವೊಂದೇ ಸಾಕ್ಷಿಯಾಗಿದೆ. ಹತ್ತು ಪ್ರಕರಣಗಳುಳ್ಳ ಈ ಗದ್ಯಗ್ರಂಥವು ಕನ್ನಡದ ವಿಶ್ವಕೋಶವೆಂದು ಪ್ರಸಿದ್ಧವಾಗಿದೆ. ವೇದ, ವೇದಾಂಗ, ಉಪವೇದ, ಆಗಮ, ಪುರಾಣಗಳ ವಿಚಾರವೂ, ಷಡ್ದರ್ಶನಗಳ ಸಿದ್ಧಾಂತಗಳೂ, ಭೂಗೋಳ ಖಗೋಳಗಳೂ, ವೈದ್ಯವೂ, ಜ್ಯೋತಿಷವೂ, ಸಂಗೀತ ನಾಟ್ಯಗಳೂ, ದೇಹದೊಳಗಣ ನಾಡಿವಾಯುಗಳ ವಿವರಣೆಯೂ ಅದರಲ್ಲಿ ಅಡಕವಾಗಿರುವುವು. ಸಂಗೀತಶಾಸ್ತ್ರದ ಚರಿತ್ರೆಯನ್ನು ಬರೆಯುವ ವಿದ್ವಾಂಸರು ಅದರ ರಾಗಪ್ರಕರಣವನ್ನು ತೆರೆದು ನೋಡುವರು. ಹದಿನೇಳನೆಯ ಶತಮಾನದಲ್ಲಿಯೇ ಅದು ಮರಾಠಿಗೂ ಸಂಸ್ಕೃತಕ್ಕೂ ಪರಿವರ್ತಿಸಲ್ಪಟ್ಟಿತು. ಸಂಸ್ಕೃತದಿಂದ ಕನ್ನಡಕ್ಕೆ ಬರುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಕನ್ನಡದ ಗದ್ಯಗ್ರಂಥವೊಂದು ಸಂಸ್ಕೃತಕ್ಕೆ ಹೋಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಇಷ್ಟನ್ನೆಲ್ಲ ಬಲ್ಲವರಿಗೆ ಇನ್ನೇನು ಬೇಕಾಗಿದ್ದಿತು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಿಜಗುಣರನ್ನು ತಿಳಿಯಲಾಗದು. ಹಿಂದೆ ಊರ ಶಾನುಭೋಗನು ಗ್ರಾಮದ ಹೊಲಗದ್ದೆಗಳೆಲ್ಲದರ ಚಕ್ಕುಬಂದಿಯನ್ನೂ ಕಂದಾಯವನ್ನೂ ಬಾಯಿಪಾಠದಲ್ಲಿ ಬಲ್ಲವನಾಗಿದ್ದನು. ಕಡತವನ್ನು ಬಿಚ್ಚದೆಯೇ ಯಾವ ಗದ್ದೆಗೆ ಎಷ್ಟು ನೀರೆಂದು ಹೇಳುತ್ತಿದ್ದನು. ಆದರೆ ಕಡತದಲ್ಲಿ ಬರೆದ ಗದ್ದೆಯಿಂದ ಒಂದು ಹಿಡಿ ಭತ್ತವೂ ಅವನ ಕಣಜಕ್ಕೆ ಬರುವಂತಿರಲಿಲ್ಲ. ಶಾಸ್ತ್ರಪಾಂಡಿತ್ಯದ ಸ್ಥಿತಿಯೂ ಹೀಗೆಯೇ. ಪುರಾತನರು ಜ್ಞಾನವನ್ನು ಪರೋಕ್ಷವೆಂದೂ ಅಪರೋಕ್ಷವೆಂದೂ ವಿಭಾಗಿಸಿದ್ದಾರೆ. ಗುರುಮುಖದಿಂದಲೂ ಗ್ರಂಥದಿಂದಲೂ ಬಂದುದು ಪರೋಕ್ಷವು. ತನ್ನಲ್ಲಿಯೇ ತಾನಾಗಿ ಬೆಳಗಿದುದು ಅಪರೋಕ್ಷವು. ಮೊದಲನೆಯದು ಎರಡನೆಯದಕ್ಕೆ ಬಾಗಿಲಾಗಬಲ್ಲದು. ಬಾಗಿಲನ್ನೇ ಮನೆಯೆಂದು ತಿಳಿದವನು ಮಳೆಯಲ್ಲಿ ನೆನೆಯಬೇಕಾಗುವುದು. ಶ್ರವಣವಾದ ಬಳಿಕ ಮನನ, ಮನನವಾದ ಬಳಿಕ ನಿದಿಧ್ಯಾಸನವೆಂದು ಉಪನಿಷತ್ತುಗಳು ವಿಧಿಸಿದ ಕ್ರಮದಲ್ಲಿ ಮೂರನೆಯದನ್ನು ಬಿಟ್ಟು ಮೊದಲೆರಡರಲ್ಲಿಯೇ ಆಯುಷ್ಯವನ್ನು ಕಳೆದವರು ಎಷ್ಟೋ ಮಂದಿ. ನಿಜಗುಣರು ಆ ಮೂರನೆಯದಕ್ಕಾಗಿಯೇ ಬೆಟ್ಟವನ್ನೇರಿದರು.

ಅವರ ಸಾಧನೆಯ ಸ್ವರೂಪವನ್ನು ತಿಳಿಯಲು ಪವಾಡಗಳ ಕಥೆಗಳಿಗಿಂತಲೂ ಅವರು ಕೈಗೆತ್ತಿಕೊಂಡ ಒಂದು ಗ್ರಂಥವು ಹೆಚ್ಚು ಉಪಯುಕ್ತವಾಗಿದೆ. ಚೆನ್ನಸದಾಶಿವ ಯೋಗೀಂದ್ರರೆಂಬವರು ಸಂಸ್ಕೃತದಲ್ಲಿ ಶಿವಯೋಗಪ್ರದೀಪಿಕೆಯೆಂಬ ಐದು ಪಟಲಗಳ ಗ್ರಂಥವನ್ನು ರಚಿಸಿದ್ದರು. ಯೋಗಶಾಸ್ತ್ರದ ಬಹು ಶಾಖೆಗಳನ್ನು ಒಟ್ಟುಗೂಡಿಸಿ ಅವೆಲ್ಲವನ್ನೂ ಶಿವಪೂಜೆಯ ಕಡೆಗೆ ತಿರುಗಿಸಿದುದು ಅದರ ವೈಶಿಷ್ಟ್ಯವು. ನಿಜಗುಣರು ಅದಕ್ಕೆ ಪರಮಾರ್ಥಪ್ರಕಾಶಿಕೆ ಎಂಬ ಕನ್ನಡ ವ್ಯಾಖ್ಯಾನವನ್ನು ಬರೆದರು. ಸ್ವತಂತ್ರಗ್ರಂಥವನ್ನು ಬರೆಯುವ ಶಕ್ತಿಯುಳ್ಳವರು ಮತ್ತೊಬ್ಬರ ಗ್ರಂಥಕ್ಕೆ ವ್ಯಾಖ್ಯಾನಕಾರರಾಗಿ ನಿಂತುದರಲ್ಲಿಯೇ ಅವರ ವಿನಯವು ವ್ಯಕ್ತವಾಗುವುದು.

ಆ ಗ್ರಂಥದಲ್ಲಿ ಯೋಗವು ಮಂತ್ರ, ಲಯ, ಹಠ, ರಾಜವೆಂದು ನಾಲ್ಕಾಗಿ ವಿಭಾಗಿಸಲ್ಪಟ್ಟಿದೆ. ಮಂತ್ರವನ್ನು ಜಪಿಸಿ ಮನಸ್ಸನ್ನು ಒಂದೆಡೆಗೆ ತರುವುದು ಮೊದಲನೆಯದು. ಚಿತ್ತವನ್ನು ಒಳಗಣ ನಾದದಲ್ಲಿ ಕರಗಿಸುವುದು ಎರಡನೆಯದು. ಆಸನ, ಬಂಧ, ಮುದ್ರೆ, ಕುಂಭಕಗಳಿಂದ ಪ್ರಾಣವನ್ನು ವಶಮಾಡಿಕೊಳ್ಳುವುದು ಮೂರನೆಯದು. ಚಿತ್ತದ ವೃತ್ತಿಗಳೇ ಅಡಗಿ ನಿಲ್ಲುವುದು ನಾಲ್ಕನೆಯದಾದ ರಾಜಯೋಗವು. ಈ ರಾಜಯೋಗವು ಪುನಃ ಮೂರು ವಿಧವಾಗುವುದು. ತತ್ತ್ವಗಳನ್ನು ಒಂದೊಂದಾಗಿ ಎಣಿಸಿ, ಇದು ನಾನಲ್ಲ ಇದು ನಾನಲ್ಲವೆಂದು ಬಿಡಿಸುತ್ತ ಹೋಗುವುದು ಸಾಂಖ್ಯ. ದೃಷ್ಟಿಯನ್ನು ಒಳಕ್ಕೆ ತಿರುಗಿಸಿ ಭ್ರೂಮಧ್ಯದ ಬೆಳಕಿನಲ್ಲಿ ನಿಲ್ಲಿಸುವುದು ತಾರಕ. ಮನಸ್ಸೇ ಇಲ್ಲದಂತಾಗಿ ವಸ್ತುವು ತಾನೇ ತಾನಾಗಿ ಉಳಿಯುವುದು ಅಮನಸ್ಕ. ಇವನ್ನು ಓದಿ ಒಪ್ಪಿಸುವುದು ಒಂದು ಗಳಿಗೆಯ ಕೆಲಸವು. ಆದರೆ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನಿಟ್ಟು ಅರೆಗಳಿಗೆಯ ಕಾಲ ಎವೆಯಿಕ್ಕದೆ ಕುಳಿತು ನೋಡಿದ ಭಕ್ತನಿಗೆ, ತಾರಕವೆಂಬ ಮೂರಕ್ಷರದ ಹಿಂದೆ ಎಷ್ಟು ವರ್ಷಗಳ ಶ್ರಮವಿದೆಯೆಂಬುದು ಕೂಡಲೇ ತಿಳಿದುಬರುವುದು. ದೃಷ್ಟಿಯು ನಿಂತರೆ ಉಸಿರು ಓಡುವುದು. ಉಸಿರನ್ನು ಹಿಡಿದರೆ ನೆನಪು ಓಡುವುದು. ನೆನಪನ್ನು ತಡೆದರೆ ನಿದ್ರೆಯು ಬಂದು ಆವರಿಸುವುದು. ಯೋಗಶಾಸ್ತ್ರದಲ್ಲಿ ವಿಘ್ನಗಳೆಂದು ಹೇಳಲ್ಪಟ್ಟವುಗಳು ಪುಸ್ತಕದ ಶತ್ರುಗಳಲ್ಲ. ಪ್ರತಿದಿನ ಬೆಳಗಿನ ಜಾವದಲ್ಲಿ ಗದ್ದುಗೆಯ ಬಳಿಯಲ್ಲಿಯೇ ಬಂದು ಕುಳಿತುಕೊಳ್ಳುವ ಶತ್ರುಗಳು.

ಆ ಗ್ರಂಥದ ಹೃದಯವೆಂದು ಹೇಳತಕ್ಕ ಭಾಗವು ಬೇರೊಂದಿದೆ. ರಾಜಯೋಗಕ್ಕೂ ಶಿವಯೋಗಕ್ಕೂ ಪರಮಾರ್ಥದಲ್ಲಿ ಭೇದವಿಲ್ಲವೆಂದು ಹೇಳಿ, ಶಿವಯೋಗವನ್ನು ಶಿವಜ್ಞಾನ, ಶಿವಭಕ್ತಿ, ಶಿವಧ್ಯಾನ, ಶಿವವ್ರತ, ಶಿವಾರ್ಚನೆಯೆಂದು ಐದು ವಿಧವಾಗಿ ಅದು ನಿರೂಪಿಸುವುದು. ಧ್ಯಾನವು ಈ ಐದರ ನಡುವೆ ನಿಂತಿರುವುದನ್ನು ಲಕ್ಷಿಸತಕ್ಕದ್ದು. ಅದಕ್ಕೆ ಒಂದು ಕಡೆ ಜ್ಞಾನಭಕ್ತಿಗಳೂ ಮತ್ತೊಂದು ಕಡೆ ವ್ರತಾರ್ಚನೆಗಳೂ ಇರುವುವು. ಅರ್ಚನೆಯನ್ನು ಬಿಟ್ಟ ಜ್ಞಾನಿಯೆಂಬುವನೂ, ಜ್ಞಾನವನ್ನು ಬಿಟ್ಟ ಪೂಜಾರಿಯೆಂಬುವನೂ ಈ ಮಾರ್ಗದಲ್ಲಿ ಪೂರ್ಣರಲ್ಲ. ಅರಸುತನವನ್ನು ಬಿಟ್ಟುಬಂದ ಮಹಾಪಂಡಿತರೊಬ್ಬರು, ತಮ್ಮಂತಹ ಪಂಡಿತರಿಗೆ ಹೂಪತ್ರೆಗಳ ಪೂಜೆಯು ಏತಕ್ಕೆಂದು ಬಿಡಬಹುದಾಗಿದ್ದಿತು. ನಿಜಗುಣರು ಬಿಡಲಿಲ್ಲ. ಶಿವಾರ್ಚನೆಯನ್ನು ಯೋಗದ ಅಂಗವೆಂದೇ ಸಾರುವ ಗ್ರಂಥವನ್ನು ಆಯ್ದುಕೊಂಡು, ಸಂಸ್ಕೃತವನ್ನರಿಯದ ಸಾಧಕನಿಗೂ ತಲಪುವಂತೆ ಅದನ್ನು ಕನ್ನಡಿಸಿದರು.

ಇಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ಯೋಗರಹಸ್ಯವನ್ನು ದೇಶಭಾಷೆಯಲ್ಲಿ ಬಿಚ್ಚಿಡಬಾರದೆಂಬ ಶಂಕೆಯು ಪಂಡಿತವರ್ಗದಲ್ಲಿ ಬಹುಕಾಲದಿಂದ ಇದ್ದಿತು. ಶರಣರು ಆ ಶಂಕೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಹರಿದೊಗೆದಿದ್ದರು. ಆದರೂ ಶಾಸ್ತ್ರಗ್ರಂಥಗಳ ವಿಷಯದಲ್ಲಿ ಅದು ಪುನಃ ತಲೆಯೆತ್ತುತ್ತಲೇ ಇದ್ದಿತು. ವಚನಗಳು ಅನುಭವದ ಮಾತುಗಳು. ಶಾಸ್ತ್ರವು ಪರಿಭಾಷೆಯ ಕಾಡು. ಆ ಕಾಡಿನಲ್ಲಿ ಕನ್ನಡದ ಕಾಲುದಾರಿಯನ್ನು ಕಡಿದವರಲ್ಲಿ ನಿಜಗುಣರಿಗೆ ಸಮಾನರು ವಿರಳ. ಅಧ್ಯಾಸ, ಉಪಾಧಿ, ಸಾಕ್ಷಿ, ಕುಂಭಕ, ಸಮಾಧಿ ಮೊದಲಾದ ಶಬ್ದಗಳು ಅಕ್ಷರಾಭ್ಯಾಸವಿಲ್ಲದ ಒಕ್ಕಲಿಗನ ಬಾಯಲ್ಲಿಯೂ ತಪ್ಪಿಲ್ಲದೆ ಹೊರಡುವುದಾದರೆ ಅದಕ್ಕೆ ಅವರ ಹಾಡುಗಳು ಬಹುಮಟ್ಟಿಗೆ ಕಾರಣವು.

ಆ ಹಾಡುಗಳ ಸಂಗ್ರಹವೇ ಕೈವಲ್ಯಪದ್ಧತಿಯು. 170ಕ್ಕೂ ಮೇಲ್ಪಟ್ಟ ಪದಗಳು ಅದರಲ್ಲಿರುವುವು. ರಾಗತಾಳಗಳಿಗೆ ಹೊಂದಿಕೊಂಡು ಹಾಡಲು ತಕ್ಕವಾಗಿರುವುವು. ಅವುಗಳನ್ನು ಐದು ಸ್ಥಲಗಳಾಗಿ ವಿಂಗಡಿಸಿರುವ ಕ್ರಮವನ್ನು ಸಾವಧಾನವಾಗಿ ಪರಿಶೀಲಿಸಿದರೆ, ಸಾಧಕನೊಬ್ಬನ ಪ್ರಯಾಣದ ಮಜಲುಗಳು ಕ್ರಮವಾಗಿ ಕಾಣಬರುವುವು. ಮೊದಲನೆಯದು ಶಿವಕಾರುಣ್ಯಪ್ರಾರ್ಥನಾ ಸ್ಥಲವು. ಸಕಲಶಾಸ್ತ್ರಗಳನ್ನು ಬಲ್ಲ ಯೋಗಿಯು ಮೊದಲು ಮಾಡುವ ಕೆಲಸವೆಂದರೆ ಬೇಡುವುದು. ತನ್ನ ಸಾಮರ್ಥ್ಯದಿಂದ ಇದು ಆಗತಕ್ಕದ್ದಲ್ಲವೆಂಬ ಅರಿವಿಲ್ಲದೆ ಮುಂದಿನ ಹೆಜ್ಜೆಯನ್ನೇ ಇಡಲಾಗದು.

ಎರಡನೆಯದು ಜೀವಸಂಬೋಧನ ಸ್ಥಲವು. ಈ ಸ್ಥಲದಲ್ಲಿ ಉಪದೇಶಿಸಲ್ಪಡುವವನು ತನ್ನ ಜೀವನೇ. ಹೊರಗಣ ಶಿಷ್ಯನನ್ನು ಗದರಿಸುವುದು ಸುಲಭವು. ಒಳಗಣ ಶಿಷ್ಯನನ್ನು ಕೂಡ್ರಿಸಿಕೊಂಡು ತಿದ್ದುವುದು ಕಷ್ಟವು. ದೇಹವು ನಿಲ್ಲದೆಂದೂ, ನೆಂಟರಿಷ್ಟರು ಬಾಗಿಲವರೆಗಿನವರೆಂದೂ, ಹೋಗುವ ದಿನ ಹೇಳಿ ಬರುವುದಲ್ಲವೆಂದೂ ಆ ಜೀವನಿಗೆ ತಿಳಿಯಹೇಳುವಾಗ ಕವಿಯು ಒಮ್ಮೆ ಮುದ್ದಿನಿಂದಲೂ ಮತ್ತೊಮ್ಮೆ ಕಠಿಣವಾಗಿಯೂ ಮಾತನಾಡುವನು. ಧ್ಯಾನಕ್ಕೆ ಕುಳಿತವರೆಲ್ಲರೂ ಈ ಸಂಭಾಷಣೆಯನ್ನು ಬಲ್ಲರು. ಮನಸ್ಸು ಶತ್ರುವಾಗಿಯೂ ಶಿಶುವಾಗಿಯೂ ಏಕಕಾಲದಲ್ಲಿ ಎದುರಿಗೆ ನಿಲ್ಲುವುದು. ಹೊಡೆದರೆ ಹಠಮಾಡುವುದು, ಬಿಟ್ಟರೆ ಬೀದಿಗೆ ಓಡುವುದು. ಈ ಅನುಭವವಿಲ್ಲದವರಿಗೆ ಇಂತಹ ಪದಗಳು ಬರುವುದು ಸಾಧ್ಯವಿಲ್ಲ. ಶಿವಯೋಗಿಗಳ ಜೀವನದ ಸಾಕ್ಷ್ಯವು ಎಲ್ಲಿದೆಯೆಂದು ಕೇಳುವವರಿಗೆ ಶಾಸನಗಳಿಗಿಂತ ಮೊದಲು ಈ ಸ್ಥಲವನ್ನು ತೋರಿಸಬಹುದು.

ಮೂರನೆಯದು ನೀತಿಕ್ರಿಯಾಚರ್ಯ ಪ್ರತಿಪಾದನ ಸ್ಥಲವು. ನಡೆಯು ಶುದ್ಧವಾಗದೆ ಆಸನವನ್ನು ಬಲಿದು ಫಲವಿಲ್ಲವೆಂಬುದನ್ನು ಇದು ತಿಳಿಸುವುದು. ನಾಲ್ಕನೆಯದು ಯೋಗಪ್ರತಿಪಾದನ ಸ್ಥಲ. ಐದನೆಯದು ಜ್ಞಾನಪ್ರತಿಪಾದನ ಸ್ಥಲ. ಯೋಗವು ಜ್ಞಾನಕ್ಕಿಂತ ಮೊದಲು ಬಂದಿರುವುದರಲ್ಲಿಯೇ ಪದ್ಧತಿಯೆಂಬ ಹೆಸರಿನ ಸಾರ್ಥಕತೆಯಿದೆ. ಪದ್ಧತಿಯೆಂದರೆ ಕಾಲಿನಿಂದ ತುಳಿದು ನಡೆಯತಕ್ಕ ದಾರಿಯು. ಅದ್ವೈತದ ಅತ್ಯುನ್ನತವಾದ ಮಾತುಗಳು ಐದನೆಯ ಸ್ಥಲದಲ್ಲಿ ಬರುವುವು. ಆದರೆ ಅಲ್ಲಿಗೆ ಬರುವ ದಾರಿಯು ಪ್ರಾಣಾಯಾಮ ಪ್ರತ್ಯಾಹಾರಗಳ ಮೇಲಿಂದ, ನಾದಾನುಸಂಧಾನದ ಮೇಲಿಂದ, ಏಕಾಂತದ ದೀರ್ಘರಾತ್ರಿಗಳ ಮೇಲಿಂದ ಹಾದುಬರುವುದು. ಭಜನೆಯ ಮೇಳಗಳಲ್ಲಿ ಮೊದಲನೆಯ ಸ್ಥಲದ ಪ್ರಾರ್ಥನೆಗಳನ್ನು ಕಣ್ಣೀರಿನಿಂದ ಹಾಡಿ, ಕೂಡಲೇ ಐದನೆಯದರ ಬ್ರಹ್ಮಾನಂದಕ್ಕೆ ಹಾರುವ ರೂಢಿಯು ಬೆಳೆದುಬಂದಿದೆ. ನಡುವಣ ಸ್ಥಲಗಳನ್ನು ಹಾಡುವವರು ಕಡಮೆ, ಆಚರಿಸುವವರು ಇನ್ನೂ ಕಡಮೆ. ಹೊಳೆಯನ್ನು ಈಸದೆ ಆಚೆಯ ದಡದ ಮಣ್ಣನ್ನು ಹಣೆಗೆ ಹಚ್ಚಿಕೊಂಡಂತೆ ಇದು ಆಗಿದೆಯೆಂದರೆ ಹಾಡುಗಾರ ಭಕ್ತರು ಕೋಪಿಸಿಕೊಳ್ಳಬಾರದು.

ಉಳಿದ ಗ್ರಂಥಗಳ ಮಾತನ್ನು ಸಂಕ್ಷೇಪಿಸಬಹುದು. ಅನುಭವಸಾರವನ್ನು ತ್ರಿಪದಿಗಳಲ್ಲಿಯೂ, ಪರಮಾರ್ಥಗೀತೆಯನ್ನು ರಗಳೆಯಲ್ಲಿಯೂ, ಪರಮಾನುಭವಬೋಧೆಯನ್ನು ಸಾಂಗತ್ಯದಲ್ಲಿಯೂ ಅವರು ರಚಿಸಿದರು. ಪುರಾತನರ ತ್ರಿವಿಧಿಯಲ್ಲಿ ಅರುವತ್ತುಮೂರು ಪುರಾತನರನ್ನು ಸ್ತುತಿಸಿದರು. ಛಂದಸ್ಸುಗಳ ಈ ಆಯ್ಕೆಯು ವಿಚಾರಾರ್ಹವಾದುದು. ವೃತ್ತಕಂದಗಳ ಚಂಪುವನ್ನು ಬರೆಯುವ ಶಕ್ತಿಯಿದ್ದವರು ಅದನ್ನು ಬದಿಗಿಟ್ಟು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಯನ್ನು ಹಿಡಿದರು. ಬೆಳಗಿನ ಜಾವದಲ್ಲಿ ರಾಗಿಯೊಡನೆ ವೇದಾಂತವೂ ಬೀಸಲ್ಪಡುವಂತಾಯಿತು.

ನಿಜಗುಣರು ವೇದಾಂತಿಗಳೋ ವೀರಶೈವರೋ ಎಂಬ ಚರ್ಚೆಯು ಬಹುಕಾಲದಿಂದ ನಡೆದುಬಂದಿದೆ. ಅವರ ಜ್ಞಾನಸ್ಥಲದ ಹಾಡುಗಳನ್ನು ತೋರಿಸಿ ಕೇವಲಾದ್ವೈತಿಗಳೆಂದು ಕೆಲವರು ವಾದಿಸಿದರೆ, ಪುರಾತನರ ಸ್ತುತಿಯನ್ನೂ ಶಿವಯೋಗದ ವ್ಯಾಖ್ಯಾನವನ್ನೂ ತೋರಿಸಿ ಶಿವಾದ್ವೈತಿಗಳೆಂದು ಮತ್ತೆ ಕೆಲವರು ಪ್ರತಿಪಾದಿಸುವರು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರು (1836–1929) ಜಾತಿಮತಭೇದವಿಲ್ಲದೆ ನೆರೆದ ಜನಸಮೂಹಕ್ಕೆ ನಿಜಗುಣರ ಶಾಸ್ತ್ರವನ್ನೇ ಪ್ರವಚನಮಾಡಿದರು. ವಿರಕ್ತಮಠಗಳಲ್ಲಿಯೂ ಅದೇ ಶಾಸ್ತ್ರವು ಪಠಿಸಲ್ಪಡುತ್ತ ಬಂದಿತು. ಎರಡು ಕಡೆಯವರಿಗೂ ಒಬ್ಬರೇ ಬೇಕಾದರೆಂಬುದು ಜಗಳಕ್ಕೆ ಕಾರಣವಾಗಬೇಕಾಗಿರಲಿಲ್ಲ. ಶ್ರುತಿಗಳ ಮಾತು ಬೇರೆ, ಆಗಮಗಳ ಮಾತು ಬೇರೆಯೆಂದು ಗ್ರಂಥದ ಹಾಳೆಗಳಲ್ಲಿ ತೋರಬಹುದು. ಅವೆರಡನ್ನೂ ಹೊತ್ತುಕೊಂಡು ಒಂದೇ ಗುಹೆಯಲ್ಲಿ ವರ್ಷಾನುಗಟ್ಟಲೆ ಕುಳಿತವರಿಗೆ ಆ ಭೇದವು ಎಷ್ಟರಮಟ್ಟಿಗೆ ಉಳಿಯಿತೆಂಬುದನ್ನು ಅವರ ಪದಗಳೇ ಹೇಳುವುವು. ಪರಬ್ರಹ್ಮವಸ್ತುವನ್ನು ಬಣ್ಣಿಸಿ ಬಣ್ಣಿಸಿ ಮಾತು ಸೋತ ಕಡೆಯಲ್ಲಿ ಅವರು ಶಂಭುಲಿಂಗನ ಹೆಸರನ್ನು ಹೇಳಿ ಪದವನ್ನು ಮುಗಿಸುವರು. ನಿರಾಕಾರವನ್ನು ಕುರಿತು ಹಾಡಿದವರು ತಮ್ಮ ಬೆಟ್ಟದ ಲಿಂಗದ ಹೆಸರನ್ನು ಒಂದು ಪದದಲ್ಲಿಯೂ ಬಿಡಲಿಲ್ಲವೆಂಬುದನ್ನು ವಾದಿಗಳು ಅಷ್ಟಾಗಿ ಗಮನಿಸಿದಂತಿಲ್ಲ.

ಇನ್ನೊಂದು ಸಂಗತಿಯಿದೆ. ಇಷ್ಟು ವಿಪುಲವಾಗಿ ಬರೆದ ಶಿವಯೋಗಿಗಳು ತಮ್ಮ ಸಿದ್ಧಿಗಳನ್ನು ಎಲ್ಲಿಯೂ ಹೊಗಳಿಕೊಂಡವರಲ್ಲ. ಅಣಿಮಾದಿ ಸಿದ್ಧಿಗಳು ದಾರಿಯಲ್ಲಿ ಎದುರಾಗುವ ತೊಡಕುಗಳೆಂಬುದು ಯೋಗಶಾಸ್ತ್ರದ ಪ್ರಾಚೀನವಾದ ಎಚ್ಚರಿಕೆಯು. ಜನರು ಯೋಗಿಯಿಂದ ಮಳೆಯನ್ನೂ ಮಕ್ಕಳನ್ನೂ ಅಪೇಕ್ಷಿಸುವುದು ಸಹಜವು. ನಿಜಗುಣರು ಕೊಟ್ಟುಹೋದುದು ಪದಗಳು, ವ್ಯಾಖ್ಯಾನಗಳು, ಒಂದು ಸಾಧನಕ್ರಮ. ಆ ಬೆಟ್ಟದಲ್ಲಿಯೇ ಅವರು ಲಿಂಗೈಕ್ಯರಾದರೆಂದು ಪರಂಪರೆಯು ಹೇಳುವುದು.

ಅವರು ಹಚ್ಚಿದ ದೀಪವು ಹಣತೆಯಿಂದ ಹಣತೆಗೆ ಸಾಗಿತು. ಅದೇ ಪ್ರಾಂತದ ಮುಪ್ಪಿನ ಷಡಕ್ಷರಿಗಳು ಸುಬೋಧಸಾರದ ಪದಗಳಲ್ಲಿ ಆ ಮಾರ್ಗವನ್ನು ಮುಂದುವರಿಸಿದರು. ಬಾಲಲೀಲಾ ಮಹಾಂತ ಶಿವಯೋಗಿಗಳ ಕೈವಲ್ಯದರ್ಪಣ, ಬೆಂಗಳೂರಿನ ಸರ್ಪಭೂಷಣ ಶಿವಯೋಗಿಗಳ (1795–1839) ಕೈವಲ್ಯಕಲ್ಪವಲ್ಲರಿ ಇವುಗಳು ಹೆಸರಿನಿಂದಲೇ ತಮ್ಮ ಮೂಲವನ್ನು ಸಾರುವುವು. ಕೈವಲ್ಯಸಾಹಿತ್ಯವೆಂಬ ಪ್ರತ್ಯೇಕವಾದ ಹೊಳೆಯೊಂದು ಕನ್ನಡದಲ್ಲಿ ಹರಿಯತೊಡಗಿದುದು ಹೀಗೆ.

ಹಾಡುಗಳ ಹೊಳೆಯು ಹರಿದಷ್ಟು ಧಾರಾಳವಾಗಿ ಸಾಧನೆಯ ಹೊಳೆಯು ಹರಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಶಿವಯೋಗವೆಂಬ ಶಬ್ದವು ಬಿರುದಾವಳಿಗಳಲ್ಲಿ ಉಳಿದಷ್ಟು ಆಚರಣೆಯಲ್ಲಿ ಉಳಿದಿರಲಿಲ್ಲ. ಆಗ ರಾಣೆಬೆನ್ನೂರು ಸೀಮೆಯ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾಲಯ್ಯನೆಂಬ ತರುಣನು, ಬಡತನದಲ್ಲಿ ಓದಿ, ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿ, ಗುರುವನ್ನು ಅರಸುತ್ತ ಹೊರಟು, ಯಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳ ಪಾದವನ್ನು ಸೇರಿದನು. ಆ ಗುರುಗಳ ಸನ್ನಿಧಿಯಲ್ಲಿ ಸಾಧನೆಮಾಡಲು ಅವನಿಗೆ ದೊರೆತ ಸ್ಥಳವು ಶಂಭುಲಿಂಗನ ಬೆಟ್ಟವೇ. ನಾನೂರು ವರ್ಷಗಳ ಹಿಂದೆ ಅರಸರೊಬ್ಬರು ಏರಿದ ಮೆಟ್ಟಲುಗಳನ್ನು ಒಬ್ಬ ಬಡ ಉಪಾಧ್ಯಾಯನು ಏರಿದನು. ಮುಂದೆ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳೆಂದು ನಾಡಿಗೆಲ್ಲ ಪ್ರಸಿದ್ಧರಾದವರು ಅವರೇ.

1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭಾ ನದಿಯ ದಡದಲ್ಲಿ ಅವರು ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಠಗಳಿಗೆ ಅಧಿಪತಿಗಳಾಗತಕ್ಕ ವಟುಗಳು ಅಲ್ಲಿ ಸಂಸ್ಕೃತ ಕನ್ನಡಗಳನ್ನೂ, ಸಂಗೀತವನ್ನೂ ಕಲಿತರು. ಅವೆಲ್ಲಕ್ಕಿಂತ ಮಿಗಿಲಾಗಿ ಶಿವಯೋಗವನ್ನು ಪಾಠವಾಗಿ ಅಲ್ಲ, ದಿನಚರಿಯಾಗಿ ಕಲಿತರು. ಗೋಮಯದಿಂದ ವಿಭೂತಿಯನ್ನು ಮಾಡುವುದೂ, ಹಳೆಯ ತಾಳೆಯೋಲೆಗಳನ್ನು ಕೂಡಿಸಿ ಕಾಪಾಡುವುದೂ ಆ ಮಂದಿರದ ಕೆಲಸಗಳಾಗಿದ್ದುವು. ಕುಮಾರ ಶಿವಯೋಗಿಗಳು 1930ರಲ್ಲಿ ಲಿಂಗೈಕ್ಯರಾಗುವವರೆಗೂ ಅಲ್ಲಿಯ ದಿನವು ಸೂರ್ಯೋದಯಕ್ಕೆ ಬಹಳ ಮೊದಲೇ ಆರಂಭವಾಗುತ್ತಿದ್ದಿತು. ಹೊಳೆಯಲ್ಲಿ ಮಿಂದು ಬಂದ ಎಳೆಯ ವಟುಗಳು ಸಾಲಾಗಿ ಕುಳಿತು, ಎಡಗೈಯ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ನಿಂತ ದೃಷ್ಟಿಯು ಮತ್ತೆ ಮತ್ತೆ ಜಾರಿದರೂ ಮತ್ತೆ ಮತ್ತೆ ಅದನ್ನು ಲಿಂಗಕ್ಕೇ ತರುತ್ತಿದ್ದರು.